ಮಣ್ಣು ತಿನ್ನುವ ಗಂಡು

ನಮ್ಮ ನಾದಿನಿ ಸಹಾಯಮೇರಿಯ ಗಂಡ ಇನ್ನಾಸಪ್ಪನವರನ್ನು ಮೈಸೂರಿನ ನಜರ್‌ಬಾದಿನಲ್ಲಿ ಹೆಸರು ಹಿಡಿದು ಕೇಳಿದರೆ ಯಾರೂ ಗುರುತು ಹೇಳುತ್ತಿರಲಿಲ್ಲ. ಗರಸು ಮೇಸ್ತ್ರಿ ಎಂದರೆ ಮಾತ್ರ ಮನೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಿದ್ದರು. ಸರ್ಕಾರದ ದುಡ್ಡಿನಲ್ಲಿ ರಸ್ತೆ ಕೆಲಸ ಎಲ್ಲಿ ನಡೆದರೂ ಅಲ್ಲಿಗೆ ಬಂದು ಬೀಳುವ ಜಲ್ಲಿ, ಮರಳು, ಗರಸು ಮಣ್ಣು ಇವನ್ನೆಲ್ಲ ನೋಡಿ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವುದು ಅವರ ಉದ್ಯೋಗ. ಆಗುತ್ತದೆ ಎಂದರೆ ಗುಡ್ಡೆಯ ಮೇಲೆ ಒಂದು ಚೊಂಬು ಸುಣ್ಣದ ನೀರು ಚೆಲ್ಲುವರು. ಆಗುವುದಿಲ್ಲ ಎಂದರೆ ಕಂಟ್ರಾಕ್ಟರು ಅದನ್ನು ತನ್ನ ಗಾಡಿಯಲ್ಲೇ ತುಂಬಿಕೊಂಡು ವಾಪಸು ಹೋಗಬೇಕು. ಓವರ್ಸಿಯರು ಸೈಕಲ್ಲಿನಲ್ಲಿ ಬಂದು ಬಿಳಿ ಗುಡ್ಡೆಗಳನ್ನು ಮಾತ್ರ ಅಳೆದು ಹೋಗುವರು.

ಜಲ್ಲಿ ನೋಡುವುದಕ್ಕೆ ಅವರ ಹತ್ತಿರ ಒಂದು ಕಬ್ಬಿಣದ ಬಳೆ ಇತ್ತು. ಮೇಲುಗಡೆ ಚಂದದ ಜಲ್ಲಿ ಹರಡಿ, ಒಳಗೆ ಹೆಂಟೆ ಕಲ್ಲು ತುಂಬುವುದು ಕಂಟ್ರಾಕ್ಟರುಗಳ ವಾಡಿಕೆಯಾದ್ದರಿಂದ, ಇವರು ಗುಡ್ಡೆಯೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ, ತಳದ ಕಲ್ಲನ್ನು ಎಳೆದು, ಬಳೆಯಲ್ಲಿ ಹಾಯಿಸಿ ನೋಡುವರು. ಹಾಯದಿದ್ದರೆ ಕುಟ್ಟುವ ಹೆಂಗಸರ ಕಡೆಗೆ ತಿರುಗಿ ಒಂದು ಸಲ ಕೆಮ್ಮುವರು. ಅಷ್ಟೇ. ಬೈದದ್ದನ್ನು ಯಾರೂ ಕೇಳಿಲ್ಲ.

ಗರಸಿಗೆ ಬಳೆ ನಡೆಯುವುದಿಲ್ಲ. ಜಲ್ಲಿ ಹಾಸಿ, ಅದರ ಸಂದಿಗೆ ಗರಸು ಮಣ್ಣು ತುಂಬಿ, ನೀರು ಹಾಕಿ, ಹೊಗೆ ಬಿಡುವ ರೋಲರು ಓಡಿಸುತ್ತಿದ್ದ ಕಾಲ ಅದು. ಗರಸಿನಲ್ಲಿ ಜೇಡಿ ಹೆಚ್ಚಾದರೆ ಮೊದಲ ಮಳೆಗೇ ರಸ್ತೆ ಕೆಸರು. ಅದನ್ನು ಪರೀಕ್ಷೆ ಮಾಡಲು ಗಾಜಿನ ಲೋಟದಲ್ಲಿ ನೀರಿಗೆ ಹಾಕಿ, ಕದಡಿ, ತಿಳಿಯಾಗುವವರೆಗೆ ಕಾಯಬೇಕು ಎಂದು ಮೇಲಿನವರು ಹೇಳಿ ಲೋಟವನ್ನೂ ಕೊಟ್ಟಿದ್ದರಂತೆ. ಇನ್ನಾಸಪ್ಪನವರಿಗೆ ಕಾಯುವುದು ಎಂದರೆ ಆಗದು. ಒಂದು ದಿನ ಲೋಟವನ್ನು ಕದಡಿ ಇಟ್ಟು ಎಲೆ ಅಡಿಕೆಗೆ ಹೋಗಿ ಬರುವಷ್ಟರಲ್ಲಿ ರೋಲರು ಅದರ ಮೇಲೇ ಹಾಯ್ದು ಲೋಟವೂ ರಸ್ತೆಗೆ ಸೇರಿಹೋಯಿತು. ಅಂದಿನಿಂದ ಅವರು ಚಿಟಿಕೆ ಗರಸನ್ನು ಬಾಯಿಗೆ ಹಾಕಿಕೊಂಡು, ಮುಂದಿನ ಹಲ್ಲಿನಲ್ಲಿ ಅಗಿದು, ಉಗುಳಿ, ತೀರ್ಪು ಹೇಳಿಬಿಡುವರು. ಹಲ್ಲಿಗೆ ಮರಳು ಸಿಕ್ಕಬೇಕು, ಸಿಕ್ಕಿಯೂ ಸ್ವಲ್ಪ ಅಂಟಬೇಕು. ಬರೀ ಬೆಣ್ಣೆಯ ಹಾಗೆ ಜಾರಿದರೆ ಅದು ಜೇಡಿ. ಇದರಲ್ಲಿ ಅವರಿಗೆ ಬಹಳ ಜಂಬ. ಕಣ್ಣಿಗೆ ಮೋಸ ಮಾಡಬಹುದು, ಬಾಯಿಗೆ ಮಾಡಲಾಗದು ಎಂದು ಯಾರು ಸಿಕ್ಕಿದರೂ ಹೇಳುವರು.

ಆ ಬಾಯಿಯಿಂದಲೇ ಅವರ ಮದುವೆ ಮುರಿದು ಬೀಳುವುದರಲ್ಲಿತ್ತು.

ನಾನು ಆ ಮನೆಗೆ ಸೊಸೆಯಾಗಿ ಹೋಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹೊಸ ಸೊಸೆ ಎಂದ ಮೇಲೆ ಮಾತಾಡುವ ಹಾಗಿಲ್ಲ, ಕೇಳಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ನಮ್ಮ ಮಾವ ಆರೋಗ್ಯಪ್ಪನವರು ಒಬ್ಬ ದೊರೆಯ ಬಂಗಲೆಯಲ್ಲಿ ಅಡುಗೆಯವರು. ಅತ್ತೆ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯ ಯಜಮಾನಿಕೆಯೆಲ್ಲ ಮಾವನ ಅಕ್ಕ ಲೂರ್ದಮ್ಮನವರದು. ನಾವು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆವು. ಸಹಾಯಮೇರಿಗೆ ಬಂದ ಗಂಡುಗಳನ್ನೆಲ್ಲ ದೊಡ್ಡತ್ತೆಯೇ ನೋಡಿ ನೋಡಿ ವಾಪಸು ಕಳಿಸಿದ್ದರು. ಒಬ್ಬ ಕೂತಾಗ ತೊಡೆ ಅಲ್ಲಾಡಿಸುತ್ತಾನೆ. ಒಬ್ಬ ಪೂಜೆಯ ಹೊತ್ತಿನಲ್ಲಿ ಆಕಳಿಸಿದ. ಮತ್ತೊಬ್ಬನ ಮೂಗಿನಲ್ಲಿ ಅವರಿಗೆ ಏನೋ ಹಿಡಿಸಲಿಲ್ಲ. ಹೀಗೆ ಸಹಾಯಮೇರಿಯ ಜೊತೆಯ ಹುಡುಗಿಯರೆಲ್ಲ ಮಕ್ಕಳನ್ನು ಎತ್ತಿಕೊಂಡು ಚರ್ಚಿಗೆ ಬರುವ ಕಾಲವಾಯಿತು. ಅವಳು ಅವರ ಮಕ್ಕಳ ಮೂಗು ಒರೆಸುತ್ತ ಹಿಂದಿನ ಸಾಲಿನಲ್ಲಿ ಕೂರುವಳು.

ಇನ್ನಾಸಪ್ಪನವರು ಹೆಣ್ಣು ನೋಡಲು ಅಣ್ಣನ ಜೊತೆ ಬಂದರು. ಬಂದವರು ಚಾಪೆಯ ಮೇಲೆ ಕೂರದೆ, ಗೋಡೆಯ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಟ್ಟರು.

"ಗಾರೆ ಒಳಗಡೆ ಬುಟ್ಕೊಂಡದೆ. ಮಳೆಗಾಲಕ್ಕೆ ಮುಂಚೆ ನೋಡಿಸ್ಕಳಿ," ಎಂದರು.

"ಹುಡುಗೀನ ನೋಡಕ್ಕೆ ಬಂದ್ರೋ, ಗೋಡೇನ ನೋಡಕ್ಕೆ ಬಂದ್ರೋ?" ಎಂದರು ದೊಡ್ಡತ್ತೆ.

"ಹುಡುಗೀನ ಬಾಗಿಲಲ್ಲೇ ನೋಡ್ಬುಟ್ಟೆ ಕಣಮ್ಮ. ಅಲ್ಲಿ ರಿಪೇರಿ ಮಾಡ್ಸೋ ಅಂಥದ್ದೇನೂ ಇಲ್ಲ."

ಒಳಗೆ ಕಾಫಿ ಸೋಸುತ್ತಿದ್ದ ಸಹಾಯಮೇರಿ ಇದನ್ನು ಕೇಳಿ ನಕ್ಕಳು. ಅವಳು ನಗುವುದನ್ನು ನಾನು ಆ ಮನೆಗೆ ಹೋದ ಮೇಲೆ ನೋಡಿದ್ದು ಅದೇ ಮೊದಲು. ದೊಡ್ಡತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು, ಕುಡಿತವಿದೆಯೇ ಎಂದು ವಾಸನೆ ಹಿಡಿದರು, ಜಪಸರದ ಪ್ರಾರ್ಥನೆ ಹೇಳಿಸಿ ನೋಡಿದರು. ಏನೂ ಸಿಕ್ಕದೆ, ಮನಸ್ಸಿಲ್ಲದ ಮನಸ್ಸಿನಿಂದ ಹೂಂ ಎಂದರು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡುಹೆಣ್ಣಿನ ಹೆಸರು ಕೂಗಬೇಕು. ಈ ಮದುವೆಗೆ ಅಡ್ಡಿಯೇನಾದರೂ ಯಾರಿಗಾದರೂ ಗೊತ್ತಿದ್ದರೆ ಬಂದು ಹೇಳಿ ಎಂದು ಸ್ವಾಮಿಗಳು ಕೇಳುತ್ತಾರೆ. ಆ ವರ್ಷ ತಪಸ್ಸುಕಾಲ ಬೇಗ ಬಂದಿತ್ತು. ಮೂರನೆಯ ಭಾನುವಾರ ಕೂಗಿ, ಸೋಮವಾರ ತಾಳಿ ಕಟ್ಟಿದರೆ ಆಯಿತು. ಬುಧವಾರ ಹಣೆಗೆ ಬೂದಿ ಇಟ್ಟರೆಂದರೆ ನಲವತ್ತು ದಿನದ ಉಪವಾಸ ಶುರು, ಪಾಸ್ಕ ಅಂದರೆ ಈಸ್ಟರ್ ಹಬ್ಬದವರೆಗೂ ಮದುವೆಯ ಮಾತಿಲ್ಲ. ಅಷ್ಟು ಕಾಲ ಕೈಗೆ ಸಿಕ್ಕಿದರೆ ದೊಡ್ಡತ್ತೆ ಇನ್ನೊಂದು ಕುಂದು ಹುಡುಕದೆ ಬಿಡುವುದಿಲ್ಲವೆಂದು ಸಹಾಯಮೇರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಭಾನುವಾರ ಹೆಸರು ಕೂಗಿದ್ದಾಯಿತು. ಆ ವಾರವೇ ದೊಡ್ಡತ್ತೆ ದೇವರಾಜ ಮಾರುಕಟ್ಟೆಗೆ ಮದುವೆಯ ಸಾಮಾನಿಗೆ ಹೋದವರು, ಬರುವಾಗ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ನಡೆದು ಬಂದರು. ಭಾವೀ ಅಳಿಯ ಕೆಲಸ ಮಾಡುವ ಜಾಗವನ್ನು ಒಂದು ಸಲ ಕಣ್ಣಿನಲ್ಲಿ ನೋಡಿ ಬಿಡೋಣ ಎಂದು. ಮನೆಗೆ ಬಂದವರೇ ಚೀಲವನ್ನು ಹೊಸ್ತಿಲ ಮೇಲೇ ಇಟ್ಟು ಕೂತರು.

"ಆರೋಗ್ಯ, ಆ ಗಂಡು ಮಣ್ಣು ತಿಂತಾನೆ."

ಮಾವ ಈರುಳ್ಳಿ ಹೆಚ್ಚುತ್ತಿದ್ದರು. "ಏನ್ ತಿಂತಾನೆ?"

"ಮಣ್ಣು ಕಣೋ. ನೆಲದ ಮಣ್ಣು. ಗುಡ್ಡೆಯಿಂದ ಚಿಟಿಕೆ ತಗೊಂಡ, ಆ ಕಡೆ ಈ ಕಡೆ ನೋಡಿದ, ಬಾಯಿಗೆ ಹಾಕ್ಕೊಂಡ. ನಾನು ಹುಣಸೇಮರದ ಪಕ್ಕ ನಿಂತು ನೋಡಿದೆ. ಮುಂದಿನ ಗುಡ್ಡೆಗೆ ಹೋದ, ಅಲ್ಲೂ ಹಾಕ್ಕೊಂಡ."

"ಪರೀಕ್ಷೆ ಮಾಡ್ತಿದ್ನೇನೋ ಅಕ್ಕ. ನಾನು ಸಾರು ರುಚಿ ನೋಡಲ್ವಾ."

"ಸಾರು ನಾಳೆ ತಿನ್ನೋದಕ್ಕೆ ಮಾಡೋದು. ರಸ್ತೇನ ಯಾರಾದ್ರೂ ತಿಂತಾರಾ?"

ಮಾವ ಮತ್ತೆ ಈರುಳ್ಳಿಗೆ ಹೋದರು. ದೊಡ್ಡತ್ತೆ ಬಿಡಲಿಲ್ಲ. ಹೊಟ್ಟೆಯಲ್ಲಿ ಹುಳು ಇದ್ದರೆ ಮಕ್ಕಳು ಮಣ್ಣು ತಿನ್ನುತ್ತಾರೆ, ಬಸುರಿಯರು ತಿನ್ನುತ್ತಾರೆ, ಮೀಸೆ ಬಂದ ಗಂಡಸು ತಿನ್ನುತ್ತಾನೆ ಎಂದರೆ ಅದು ವಂಶದಲ್ಲಿ ಬಂದದ್ದು, ನಾಳೆ ಹುಟ್ಟುವ ಮಕ್ಕಳೆಲ್ಲ ಗೋಡೆ ಕೆರೆದು ತಿನ್ನುತ್ತವೆ ಎಂದರು.

ಅಡುಗೆಮನೆಯಿಂದ ಸಹಾಯಮೇರಿ ಹೊರಗೆ ಬಂದು ನಿಂತಳು. "ತಿಂದ್ರೆ ತಿನ್ಲಿ ಬಿಡಿ ಅತ್ತೆ. ಕುಡಿಯೋರ್ಗಿಂತ ಮೇಲು. ಖರ್ಚೂ ಇಲ್ಲ," ಎಂದಳು.

ದೊಡ್ಡತ್ತೆ ಶಿಲುಬೆ ಗುರುತು ಹಾಕಿಕೊಂಡರು.

ಕೊನೆಗೆ ಮಾವ, ಆತುರ ಬೇಡ, ನಾನೂ ಒಂದು ಸಲ ನೋಡುತ್ತೇನೆ, ಅಲ್ಲಿಯವರೆಗೆ ಸ್ವಾಮಿಗಳ ಹತ್ತಿರ ಹೋಗಬೇಡ ಎಂದು ಅಕ್ಕನಿಂದ ಮಾತು ತೆಗೆದುಕೊಂಡರು. ಹಾಗಾಗಿ ಎರಡನೆಯ ಭಾನುವಾರವೂ ಹೆಸರು ಕೂಗಿದ್ದಾಯಿತು. ದೊಡ್ಡತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರು.

ಈಗ ಆ ರಸ್ತೆಗೆ ಗರಸು ಹಾಕಿಸುತ್ತಿದ್ದ ಬಸವರಾಜು ಅವರ ವಿಷಯ ಹೇಳಬೇಕು. ಇದು ನಮಗೆ ತಿಳಿದದ್ದು ಆಮೇಲೆ. ಅವರದು ದೇವರಾಜ ಮೊಹಲ್ಲಾದಲ್ಲಿ ತಾತನ ಕಾಲದಿಂದ ಬೆಲ್ಲದ ಮಂಡಿ. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು, ಒಳ್ಳೆಯ ಮನುಷ್ಯ. ಅವರಿವರು ಕಂಟ್ರಾಕ್ಟು ಹಿಡಿದು ಮುಂದೆ ಬಂದದ್ದನ್ನು ನೋಡಿ ತಾವೂ ಮೊದಲ ಸಲ ಗರಸು ಒದಗಿಸಲು ಒಪ್ಪಿಕೊಂಡಿದ್ದರು. ಮಣ್ಣಿನ ವಿಷಯ ಅವರಿಗೆ ಏನೇನೂ ಗೊತ್ತಿರಲಿಲ್ಲ. ಹತ್ತಿರದಲ್ಲಿ ಸಿಕ್ಕಿದ ಕೆರೆಯಂಚಿನ ಮಣ್ಣನ್ನೇ ಗಾಡಿಯಲ್ಲಿ ಹೊಡೆಸಿದರು. ಇನ್ನಾಸಪ್ಪನವರು ಚಿಟಿಕೆ ಬಾಯಿಗೆ ಹಾಕಿಕೊಂಡು, ಮುಖ ಕಿವಿಚಿ, ಉಗುಳಿ, ಆಗುವುದಿಲ್ಲ ಎಂದರು. ಮತ್ತೆ ಹೊಡೆಸಿದರು. ಮತ್ತೆ ಅದೇ ಮುಖ.

ಬಸವರಾಜು ಅವರು ಮಂಡಿಗೆ ಹೋಗಿ ಗದ್ದುಗೆಯ ಮೇಲೆ ಕೂತು ಯೋಚಿಸಿದರಂತೆ. ಮಂಡಿಗೆ ಬರುವ ಗಿರಾಕಿಯೂ ಹೀಗೇ. ಅಚ್ಚಿನ ಮೂಲೆಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಮುಖ ಕಿವಿಚಿದರೆ ಬೆಲ್ಲ ಉಪ್ಪಾಗಿದೆ ಎಂದು ಅರ್ಥ. ಬಾಯಿಗೆ ಹಾಕಿ ನೋಡುತ್ತಾನೆ ಎಂದ ಮೇಲೆ ಮೇಸ್ತ್ರಿ ನೋಡುವುದು ರುಚಿಯಲ್ಲದೆ ಮತ್ತೇನು? ಸರ್ಕಾರದವರು ಮಣ್ಣಿನಲ್ಲಿ ಯಾಕೆ ರುಚಿ ಕೇಳುತ್ತಾರೋ ಅವರಿಗೆ ತಿಳಿಯಲಿಲ್ಲ. ಸರ್ಕಾರದವರು ಕೇಳುವುದೆಲ್ಲ ನಮಗೆ ತಿಳಿಯಲೇಬೇಕೆಂದೂ ಇಲ್ಲವಲ್ಲ. ತಮ್ಮ ಆಳು ಜವರಪ್ಪನನ್ನು ಕರೆದು, ಮಂಡಿಯಲ್ಲಿ ಕರಗಿ ಉಳಿದಿದ್ದ ಹಳೆಯ ಬೆಲ್ಲವನ್ನು ನೀರಿನಲ್ಲಿ ಕದಡಿಸಿ, ಬೆಳಗ್ಗೆ ಮೇಸ್ತ್ರಿ ಬರುವ ಮೊದಲೇ ಗುಡ್ಡೆಯ ಮೇಲೆ ಚಿಮುಕಿಸಲು ಹೇಳಿದರು.

ಅದೇ ಬೆಳಗ್ಗೆ ಮಾವ, ದೊಡ್ಡತ್ತೆ, ಅವರ ಚೀಲ ಹಿಡಿದುಕೊಂಡು ನಾನು ಹುಣಸೇಮರದ ಹಿಂದೆ ನಿಂತೆವು.

ಇನ್ನಾಸಪ್ಪನವರು ಬಂದರು. ಜಲ್ಲಿಗೆ ಬಳೆ ಹಾಕಿದರು. ಮಾವ, "ನೋಡಕ್ಕ, ಬಳೆ. ಎಷ್ಟು ನೀಟಾಗಿ ಕೆಲಸ ಮಾಡ್ತಾನೆ," ಎಂದರು. ದೊಡ್ಡತ್ತೆ, "ಬಳೆ ತಿನ್ನಲ್ಲ, ತಾಳು," ಎಂದರು.

ಗರಸಿನ ಗುಡ್ಡೆಗೆ ಬಂದರು. ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದವರು ಹಾಗೇ ನಿಂತುಬಿಟ್ಟರು. ಆಕಾಶ ನೋಡಿದರು. ಉಗುಳಲಿಲ್ಲ. ಗುಡ್ಡೆಯ ಇನ್ನೊಂದು ಮಗ್ಗುಲಿಗೆ ಹೋಗಿ ಇನ್ನೊಂದು ಚಿಟಿಕೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ಚಿಟಿಕೆ ಸಾಲದೆ ಹಿಡಿಯಲ್ಲೇ ತೆಗೆದುಕೊಂಡರು.

"ನೋಡಿದ್ಯಾ," ಎಂದರು ದೊಡ್ಡತ್ತೆ.

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಜವರಪ್ಪನನ್ನು ಇನ್ನಾಸಪ್ಪನವರು ಕರೆದರು. ಮಾತು ನಮಗೂ ಕೇಳಿಸುತ್ತಿತ್ತು.

"ಜವರಪ್ಪ, ನೀನೊಂದು ಸಲ ಬಾಯಿಗೆ ಹಾಕ್ಕಂಡು ನೋಡು."

"ನಂಗ್ಯಾಕೆ ಬುದ್ಧಿ?"

"ನೋಡು ಅಂದ್ರೆ ನೋಡು."

ಜವರಪ್ಪ ಹಾಕಿಕೊಂಡ.

"ಎಂಗದೆ?"

"ಚೆಂದಾಗದೆ ಬುದ್ಧಿ," ಎಂದ ಜವರಪ್ಪ, ಬಹಳ ವಿನಯದಿಂದ.

ಜಲ್ಲಿ ಕುಟ್ಟುತ್ತಿದ್ದ ಹೆಂಗಸರು ಸುತ್ತಿಗೆ ಬಿಟ್ಟು ಎದ್ದು ಬಂದರು. "ನಮ್ಗೂ ಒಸಿ ಕೊಡಿ ಮೇಸ್ತ್ರಿ, ನೀವೇ ಎಲ್ಲಾ ತಿಂದ್ಬುಟ್ರೆ ಎಂಗೆ," ಎಂದು ಒಬ್ಬಳು ಅಂದಳು. ಇನ್ನೊಬ್ಬಳು ಬಾಯಿಗೆ ಹಾಕಿಕೊಂಡು, ಕಂಕುಳಿನ ಕೂಸಿನ ತುಟಿಗೂ ಸವರಿದಳು. ಕೂಸು ಚಪ್ಪರಿಸಿತು. ಗುಡ್ಡೆಯ ಸುತ್ತ ಎಲ್ಲರೂ ನಿಂತು ಬಾಯಾಡಿಸುತ್ತಿದ್ದರು.

ನಾವು ಹಿಂದಿರುಗಿದೆವು. ಅರ್ಧ ದಾರಿ ಕಳೆದ ಮೇಲೆ ಮಾವ ಹೇಳಿದರು, "ಅವನೊಬ್ಬನ ಮೇಲೆ ತಪ್ಪು ಹೊರಿಸಕ್ಕಾಗಲ್ಲ ಅಕ್ಕ. ಅಲ್ಲಿ ಎಲ್ರೂ ತಿಂತಾವ್ರೆ."

ಮಧ್ಯಾಹ್ನದೊಳಗೆ ದೊಡ್ಡತ್ತೆ ಸ್ವಾಮಿಗಳ ಬಂಗಲೆಯಲ್ಲಿದ್ದರು.

ನಮ್ಮ ಸ್ವಾಮಿಗಳು ಫ್ರಾನ್ಸು ದೇಶದವರು. ಕನ್ನಡವನ್ನು ಪುಸ್ತಕ ನೋಡಿ ಕಲಿತಿದ್ದರಿಂದ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಅರ್ಥವಾಗುವುದು ಸ್ವಲ್ಪ ಕಷ್ಟ. ದೊಡ್ಡತ್ತೆಯ ಮಾತು ಕೇಳಿ ಅವರು ದಪ್ಪ ಪುಸ್ತಕವೊಂದನ್ನು ತೆಗೆದು ತಿರುವಿ ಹಾಕಿದರಂತೆ. ಮೊದಲೇ ಮದುವೆಯಾಗಿದ್ದರೆ ಅಡ್ಡಿ, ಹತ್ತಿರದ ರಕ್ತಸಂಬಂಧವಾದರೆ ಅಡ್ಡಿ, ಬಲವಂತವಾದರೆ ಅಡ್ಡಿ. ಮಣ್ಣಿನ ಮಾತು ಎಲ್ಲೂ ಇಲ್ಲ. ಆದರೂ ಲೂರ್ದಮ್ಮನವರನ್ನು ಬರಿಗೈಯಲ್ಲಿ ಕಳಿಸುವ ಧೈರ್ಯ ಯಾವ ಸ್ವಾಮಿಗಳಿಗೂ ಇರಲಿಲ್ಲ. ಶನಿವಾರ ಸಂಜೆ ಎರಡೂ ಕಡೆಯವರು ಬನ್ನಿ, ವಿಚಾರಿಸೋಣ, ಅಲ್ಲಿಯವರೆಗೆ ಮೂರನೆಯ ಕೂಗು ಇಲ್ಲ ಎಂದರು.

ಆ ಎರಡು ಮೂರು ದಿನ ಸಹಾಯಮೇರಿ ಮದುವೆಯ ಸೀರೆಯನ್ನು ತಾನೇ ಮಡಿಸಿ ಪೆಟ್ಟಿಗೆಗೆ ಹಾಕಿ, ಮತ್ತೆ ತಾನೇ ತೆಗೆದು ಹರಡಿ, ಹೀಗೆ ಮಾಡುತ್ತಿದ್ದಳು. ನಾನು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದೆ. "ಅತ್ತಿಗೆ, ಅವರು ನಿಜವಾಗ್ಲೂ ತಿನ್ನೋದಾದ್ರೆ ನಾನು ಹುರಿದು ಕೊಡ್ತೀನಿ, ಆದ್ರೆ ಈ ಸಲ ವಾಪಸ್ ಹೋಗಲ್ಲ," ಎಂದಳು ಒಂದು ಸಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಸೀರೆಯ ಒಂದು ತುದಿ ಹಿಡಿದುಕೊಂಡೆ.

ಶನಿವಾರ ಸಂಜೆ ಸ್ವಾಮಿಗಳ ಜಗಲಿಯಲ್ಲಿ ಎಲ್ಲರೂ ಸೇರಿದೆವು. ನಾನೂ ಸಹಾಯಮೇರಿಯೂ ಕಂಬದ ಹತ್ತಿರ ನಿಂತೆವು. ಇನ್ನಾಸಪ್ಪನವರು ಕೋಟು ಹಾಕಿಕೊಂಡು ಬಂದು, ಟೋಪಿ ತೆಗೆದು ಕಟ್ಟೆಯ ಮೇಲಿಟ್ಟಿದ್ದರು. ಮುಖದಲ್ಲಿ ಹಬ್ಬದ ಕಳೆ. ಮದುವೆಯ ಏರ್ಪಾಟಿಗೆ ಕರೆದಿದ್ದಾರೆಂದು ಅವರ ಎಣಿಕೆ.

"ಸ್ತೋತ್ರ ಸ್ವಾಮಿ," ಎಂದರು.

ಸ್ವಾಮಿಗಳು ಗಡ್ಡ ನೀವಿಕೊಂಡರು. "ಇನ್ನಾಸಪ್ಪನೇ, ನೀನು ಮೃತ್ತಿಕೆಯನ್ನು ಭಕ್ಷಿಸುವೆ ಎಂದು ನನ್ನ ಕಿವಿಗೆ ಬಿದ್ದಿದೆ. ಇದು ಸತ್ಯವೋ?"

ಇನ್ನಾಸಪ್ಪನವರು ಮಾವನ ಮುಖ ನೋಡಿದರು. "ಮಣ್ಣು ತಿಂತೀಯಾ ಅಂತ ಕೇಳ್ತಾವ್ರೆ," ಎಂದರು ಮಾವ, ನೆಲ ನೋಡುತ್ತ.

"ತಿನ್ನೋದಲ್ಲ ಸ್ವಾಮಿ, ನೋಡೋದು. ಅದು ನನ್ನ ಕೆಲ್ಸ."

"ಕಣ್ಣಿನಿಂದ ಏಕೆ ನೋಡಬಾರದು?"

"ಕಣ್ಣಿಗೆ ಮೋಸ ಮಾಡ್ಬೋದು ಸ್ವಾಮಿ, ಬಾಯಿಗೆ ಮಾಡಕ್ಕಾಗಲ್ಲ." ಇಷ್ಟು ಹೇಳುವಾಗಲೇ ಅವರಿಗೆ ಹುರುಪು ಬಂತು. ಕೋಟಿನ ಜೇಬಿನಿಂದ ಗಂಟು ಕಟ್ಟಿದ ಕರ್ಚೀಪು ತೆಗೆದು ಬಿಚ್ಚಿದರು. ಒಳಗೆ ಕೆಂಪು ಗರಸು. "ನೀವು ಕೇಳಿದ್ದು ಒಳ್ಳೇದೇ ಆಯ್ತು. ಮೈಸೂರಿನ ಸುತ್ತ ನಾನು ಬಾಯಿಗೆ ಹಾಕ್ದಿರೋ ಮಣ್ಣಿಲ್ಲ. ಇಂಥದ್ದು ಕಂಡಿಲ್ಲ. ಸಿಹಿ ಮಣ್ಣು ಸ್ವಾಮಿ. ಆಗುತ್ತೆ ಅನ್ನೋಕೂ ಮನಸ್ಸು ಬತ್ತಿಲ್ಲ, ಆಗಲ್ಲ ಅನ್ನೋಕೂ ಬತ್ತಿಲ್ಲ. ಗುಡ್ಡೆ ಹಂಗೇ ಇಟ್ಟಿವ್ನಿ. ಇಂಜಿನಿಯರಿಗೆ ಕಳಿಸೋಕೆ ಮುಂಚೆ ನೀವೊಂಚೂರು ಬಾಯಿಗೆ ಹಾಕ್ಕಂಡು ನೋಡಿ."

ಕರ್ಚೀಪನ್ನು ಸ್ವಾಮಿಗಳ ಗಡ್ಡದ ಹತ್ತಿರಕ್ಕೆ ಹಿಡಿದರು. ಸ್ವಾಮಿಗಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡರು.

"ನೋಡಿ ಸ್ವಾಮಿ," ಎಂದರು ದೊಡ್ಡತ್ತೆ. "ತಾನು ತಿನ್ನೋದು ಸಾಲ್ದು ಅಂತ ಗುರುಗಳಿಗೂ ಕಲಿಸ್ತಾವ್ನೆ. ಈ ಮದುವೆ ಬೇಡ. ನಡಿ ಆರೋಗ್ಯ."

ಮಾವ ಏಳಲಿಲ್ಲ, ಕೂರಲೂ ಇಲ್ಲ. ಮಧ್ಯದಲ್ಲಿ ನಿಂತರು. ಆಗ ನನ್ನ ಪಕ್ಕದಲ್ಲಿದ್ದ ಸಹಾಯಮೇರಿ ಹೋಗಿ, ಆ ಕರ್ಚೀಪಿನಿಂದ ಒಂದು ಚಿಟಿಕೆ ತೆಗೆದು, ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಂಡಳು. ದೊಡ್ಡತ್ತೆ ಜಗಲಿಯ ಕಟ್ಟೆ ಹಿಡಿದುಕೊಂಡರು.

ಸಹಾಯಮೇರಿ ಚಪ್ಪರಿಸಿದಳು. ಅಡುಗೆಯವರ ಮಗಳಲ್ಲವೇ. "ಇದು ಬೆಲ್ಲ," ಎಂದಳು.

"ಏನು?" ಎಂದರು ಇನ್ನಾಸಪ್ಪನವರು.

"ಬೆಲ್ಲ ಹಾಕವ್ರೆ. ಅಪ್ಪ, ನೀವು ನೋಡಿ."

ಮಾವ ನಾಲಿಗೆಯ ತುದಿಗೆ ಇಟ್ಟುಕೊಂಡರು. "ಹೂಂ, ಬೆಲ್ಲನೇ. ಹಳೇದು. ಪಾಕ ಒಂಚೂರು ಸೀದದೆ."

ಸ್ವಾಮಿಗಳಿಗೂ ಕುತೂಹಲ ತಡೆಯಲಿಲ್ಲ. ಬೆರಳು ಅದ್ದಿ ನೋಡಿ, "ಮಧುರವಾಗಿದೆ," ಎಂದು ಒಪ್ಪಿಕೊಂಡರು.

ಇನ್ನಾಸಪ್ಪನವರ ಮುಖದ ಹಬ್ಬ ಇಳಿದುಹೋಯಿತು. ಕರ್ಚೀಪನ್ನು ನೋಡಿದರು. ಜೇಬಿನಿಂದ ಒಂದು ಇರುವೆ ಹೊರಗೆ ಬಂದು ಕೋಟಿನ ಮೇಲೆ ನಡೆದು ಹೋಯಿತು. ಅದನ್ನೂ ನೋಡಿದರು. ಆಮೇಲೆ ಸ್ವಾಮಿಗಳಿಗೆ ಹೇಳದೆ, ಮಾವನಿಗೆ ಹೇಳದೆ, ಟೋಪಿಯನ್ನೂ ಅಲ್ಲೇ ಬಿಟ್ಟು, ಮೆಟ್ಟಿಲಿಳಿದು ಓಡಿದರು.

"ಬೆಲ್ಲ ಅಂದ ತಕ್ಷಣ ಓಡ್ದ ನೋಡಿ ಸ್ವಾಮಿ," ಎಂದರು ದೊಡ್ಡತ್ತೆ. "ಉಳಿದದ್ದನ್ನ ಯಾರಾದ್ರೂ ತಿಂದ್ಬುಟ್ಟಾರು ಅಂತ."

ಮಾವನಿಗೂ ಸಿಟ್ಟು ಬಂತು. ಮಾತುಕತೆಯ ಮಧ್ಯೆ ಎದ್ದು ಹೋಗುವುದೆಂದರೇನು, ಹೆಣ್ಣಿನ ಕಡೆಯವರಿಗೆ ಮಾನವಿಲ್ಲವೇ ಎಂದರು. ಸಹಾಯಮೇರಿ ಟೋಪಿಯನ್ನು ಎತ್ತಿಕೊಂಡು ರಸ್ತೆಗಿಳಿದು ನಡೆಯತೊಡಗಿದಳು. ಮದುವೆಯಾಗದ ಹೆಣ್ಣು ಗಂಡಿನ ಟೋಪಿ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದಾಳೆ ಎಂದರೆ ಹಿಂದೆ ಮನೆಯವರು ಇರಲೇಬೇಕು. ಹಾಗಾಗಿ ಮಾವ ಹೊರಟರು. ಅವರನ್ನು ಹಿಡಿದು ತರಲು ದೊಡ್ಡತ್ತೆ, ಚೀಲದ ಜೊತೆ ನಾನು, ಎಲ್ಲರ ಹಿಂದೆ ಕೊಡೆ ಊರಿಕೊಂಡು ಸ್ವಾಮಿಗಳು.

ರಸ್ತೆಯಲ್ಲಿ ಆ ಗುಡ್ಡೆ ಕಪ್ಪಾಗಿತ್ತು. ಹತ್ತಿರ ಹೋದರೆ ಎಲ್ಲ ಇರುವೆ. ಇರುವೆಯನ್ನೂ ಲೆಕ್ಕಿಸದೆ ಎರಡು ಹಸುಗಳು ಎರಡು ಮಗ್ಗುಲಿನಿಂದ ನೆಕ್ಕುತ್ತಿದ್ದವು. ಒಂದನ್ನು ಬಸವರಾಜು ಅವರು ಮೇಲುವಸ್ತ್ರದಿಂದ ಓಡಿಸುತ್ತಿದ್ದರು, ಇನ್ನೊಂದನ್ನು ಜವರಪ್ಪ ಹೊಂಗೆ ಸೊಪ್ಪಿನಿಂದ. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಇನ್ನಾಸಪ್ಪನವರು ಕೈ ಕೆಳಗೆ ಬಿಟ್ಟು ನೋಡುತ್ತ ನಿಂತಿದ್ದರು.

"ಬಸವರಾಜಪ್ಪಾರೇ, ಬೆಲ್ಲ ಹಾಕ್ಸಿದ್ರಾ?" ಎಂದರು.

"ಹಾಕಿಸ್ದೆ ಮೇಸ್ತ್ರಿಗಳೇ. ಸಾಲ್ದಾ?"

"ಯಾಕೆ ಹಾಕ್ಸಿದ್ರಿ?"

"ಅಲ್ಲ ಕಣ್ರೀ, ನೀವು ಬಾಯಿಗೆ ಹಾಕ್ಕೊಂಡು ಮುಖ ಕಿವಿಚಿದ್ರಿ. ನಮ್ಮ ಮಂಡೀಲಿ ಯಾರಾದ್ರೂ ಮುಖ ಕಿವಿಚಿದ್ರೆ ನಾವು ಬೇರೆ ಅಚ್ಚು ಕೊಡ್ತೀವಿ. ರುಚಿ ಇಲ್ಲ ಅಂತ ತಿಳ್ಕೊಂಡೆ."

ಇನ್ನಾಸಪ್ಪನವರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವರು ರಸ್ತೆಯ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತರು. "ನಾಲಿಗೆಗಲ್ಲ ಕಣ್ರೀ, ಹಲ್ಲಿಗೆ," ಎಂದರು. "ರುಚಿ ಕಟ್ಕಂಡು ಏನ್ ಮಾಡ್ಲಿ ನಾನು? ಮರಳು ಎಷ್ಟದೆ, ಜೇಡಿ ಎಷ್ಟದೆ ಅಂತ ಹಲ್ಲು ಹೇಳುತ್ತೆ. ಸಿಹಿ ಆದ ತಕ್ಷಣ ನನ್ನ ಹಲ್ಲು ಏನ್ ಹೇಳ್ತಿತ್ತೋ ಅದನ್ನ ಕೇಳೋದೇ ಮರ್ತ್ಬುಟ್ಟೆ. ಇದಕ್ಕೆ ಸುಣ್ಣ ಹಾಕೋದ್ರಲ್ಲಿದ್ದೆ."

ಅವರು ಎದ್ದು, ಪಕ್ಕದಲ್ಲಿ ಬೇರೊಬ್ಬರು ಹಾಕಿಸಿದ್ದ ಬಿಳಿ ಗುಡ್ಡೆಯಿಂದ ಒಂದು ಚಿಟಿಕೆ ಗರಸು ತಂದು ಬಸವರಾಜು ಅವರ ಅಂಗೈಗೆ ಹಾಕಿದರು. "ಅಗೀರಿ."

ಬಸವರಾಜು ಅವರು ಮೇಲೆ ನೋಡಿ, ಶಿವಾ ಎಂದು, ಅಗಿದರು. "ಕರಕರ ಅಂತು."

ಬೆಲ್ಲದ ಗುಡ್ಡೆಯ ತಳದಿಂದ, ಸಿಹಿ ಇಳಿಯದ ಕಡೆಯಿಂದ, ಇನ್ನೊಂದು ಚಿಟಿಕೆ. "ಈಗ ಇದು."

"ಇದು ಜಾರ್ತದೆ. ಬೆಣ್ಣೆ ಇದ್ದಂಗೆ."

"ಮಳೆ ಬಂದಾಗ ನಿಮ್ಮ ಗಾಡಿ ಚಕ್ರಾನೂ ಹಂಗೇ ಜಾರ್ತದೆ."

ಬಸವರಾಜು ಅವರು ಬಾಯಿ ಒರೆಸಿಕೊಂಡು, ಇಷ್ಟು ದಿನ ಇದನ್ನು ಬಾಯಿಬಿಟ್ಟು ಹೇಳಿದ್ದರೆ ಮಂಡಿಯ ಬೆಲ್ಲವಾದರೂ ಉಳಿಯುತ್ತಿತ್ತಲ್ಲ ಎಂದರು. ಅದು ನಿಜವೇ. ಇನ್ನಾಸಪ್ಪನವರು ಯಾರಿಗೂ ಕಾರಣ ಹೇಳುತ್ತಿರಲಿಲ್ಲ. ಮುಖ ಕಿವಿಚಿದರೆ ಲೋಕಕ್ಕೆಲ್ಲ ಅರ್ಥವಾಯಿತು ಎಂದು ಅವರ ಲೆಕ್ಕ.

ಅಷ್ಟರಲ್ಲಿ ದೊಡ್ಡತ್ತೆ ಮುಂದೆ ಬಂದು ನಿಂತಿದ್ದರು. ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದರು. ಕೈ ಚಾಚಿದರು.

"ಕೊಡಿ ಇಲ್ಲಿ. ಎರಡನ್ನೂ."

ದೊಡ್ಡತ್ತೆ ಮೊದಲು ಬಿಳಿ ಗುಡ್ಡೆಯದನ್ನು ಹಾಕಿಕೊಂಡು, ಕಣ್ಣು ಚಿಕ್ಕದು ಮಾಡಿ ಅಗಿದು, ಸೆರಗನ್ನು ಒತ್ತರಿಸಿಕೊಂಡು ಉಗುಳಿದರು. ಆಮೇಲೆ ಇನ್ನೊಂದು. ಅದನ್ನು ಬಹಳ ಹೊತ್ತು ಅಗಿದರು. ಮುಖ ಕಿವಿಚಿದರು. ಇನ್ನಾಸಪ್ಪನವರ ಮುಖ ಕಿವಿಚಿದ ಹಾಗೇ ಇತ್ತು.

"ಎರಡನೇದು ಆಗಲ್ಲ. ವಾಪಸ್ ಕಳ್ಸು ಇನ್ನಾಸಪ್ಪ," ಎಂದರು.

ಅಲ್ಲಿಯವರೆಗೆ ಅವರು ಆ ಮನುಷ್ಯನನ್ನು ಆ ಗಂಡು, ಆ ಆಸಾಮಿ ಎನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದಿರಲಿಲ್ಲ. ಇನ್ನಾಸಪ್ಪನವರು, "ಆಯ್ತಮ್ಮ," ಎಂದರು, ಓವರ್ಸಿಯರಿಗೂ ಹಾಗೆ ಹೇಳುತ್ತಿರಲಿಲ್ಲ. ಸಹಾಯಮೇರಿ ಟೋಪಿ ಕೊಟ್ಟಳು. ಅವರು ತೆಗೆದುಕೊಳ್ಳುವುದನ್ನು ಮರೆತು ನೋಡುತ್ತ ನಿಂತರು.

"ಲೂರ್ದಮ್ಮನೇ, ಹಾಗಾದರೆ ಅಡ್ಡಿಯು ನಿವಾರಣೆಯಾಯಿತೋ?" ಎಂದು ಸ್ವಾಮಿಗಳು ಕೊಡೆಯ ಮೇಲೆ ಭಾರ ಬಿಟ್ಟು ಕೇಳಿದರು. ಅವರಿಗೆ ನಡೆದು ಸುಸ್ತಾಗಿತ್ತು.

"ಬಾಯಿಂದ ಅಡ್ಡಿ ಇಲ್ಲ ಸ್ವಾಮಿ. ಹೊಟ್ಟೇದು ಅದೆಯಲ್ಲ. ಉಗುಳ್ತೀನಿ ಉಗುಳ್ತೀನಿ ಅಂದ್ರೂ ಇಷ್ಟು ವರ್ಷದಲ್ಲಿ ಒಂದು ಗಾಡಿಯಾದ್ರೂ ಒಳಗೆ ಹೋಗಿರ್ತದೆ. ನಮ್ಮ ಹುಡುಗೀನ ಕೊಡೋಕೆ ಮುಂಚೆ ಅದು ಇಳೀಬೇಕು." ಇನ್ನಾಸಪ್ಪನವರ ಕಡೆಗೆ ತಿರುಗಿದರು. "ಹರಳೆಣ್ಣೆ ಕುಡೀತೀಯೇನಪ್ಪ?"

"ಎಷ್ಟಮ್ಮ?"

"ನಾನು ಕೊಟ್ಟಷ್ಟು."

"ಕುಡೀತೀನಿ," ಎಂದರು, ಸಹಾಯಮೇರಿಯ ಮುಖದಿಂದ ಕಣ್ಣು ತೆಗೆಯದೆ.

ದೊಡ್ಡತ್ತೆ ಅಂದು ರಾತ್ರಿಯೇ ಅವರ ಅಣ್ಣನ ಮನೆಗೆ ಹೋಗಿ, ತಾವೇ ಮುಂದೆ ನಿಂತು, ಒಂದು ಪಾವಿನಷ್ಟು ಕುಡಿಸಿ ಬಂದರು. ಮೇಸ್ತ್ರಿ ಲೋಟ ಬಾಯಿಗಿಟ್ಟು, ಒಂದು ಗುಟುಕು ಹಿಡಿದು ನೋಡಿ, "ಎಣ್ಣೆ ಚೊಕ್ಕದಾಗದೆ," ಎಂದು ಮಿಕ್ಕದ್ದನ್ನು ಎತ್ತಿದರಂತೆ. ಆ ಮಾತು ದೊಡ್ಡತ್ತೆಗೆ ಬಹಳ ಹಿಡಿಸಿತು. ಮನೆಗೆ ಬಂದು ನಮಗೆಲ್ಲ ಹೇಳಿದರು.

ಮರುದಿನ ಭಾನುವಾರ ಚರ್ಚು ತುಂಬಿತ್ತು. ಸುದ್ದಿ ನಜರ್‌ಬಾದಿನಲ್ಲೆಲ್ಲ ಹರಡಿತ್ತು. ಗಂಡಿನ ಕಡೆಯ ಬೆಂಚಿನಲ್ಲಿ ಅಣ್ಣ ಒಬ್ಬನೇ ಕೂತಿದ್ದ. ಸ್ವಾಮಿಗಳು ಮೂರನೆಯ ಸಲ ಹೆಸರು ಕೂಗಿ, ಅಡ್ಡಿ ಏನಾದರೂ ಇದ್ದರೆ ತಿಳಿಸಬೇಕು ಎಂದು ಹೇಳಿ, ಯಾವತ್ತಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಚರ್ಚಿಗೆ ಚರ್ಚೇ ತಿರುಗಿ ದೊಡ್ಡತ್ತೆಯನ್ನು ನೋಡಿತು.

"ನನ್ನ ಮುಖದಲ್ಲೇನದೆ? ಮುಂದಕ್ಕೆ ಓದ್ಲಿ," ಎಂದರು ದೊಡ್ಡತ್ತೆ, ಪಿಸುಮಾತಿನಲ್ಲೇ, ಆದರೆ ಸ್ವಾಮಿಗಳವರೆಗೂ ಕೇಳಿಸುವಂತೆ.

ಮುಂದಿನ ಸಾಲಿನ ಹೆಂಗಸೊಬ್ಬಳು ಕೊರಳು ತಿರುಗಿಸಿ, "ಗಂಡು ಎಲ್ಲಿ, ಕಾಣಲ್ವಲ್ಲ? ಓಡ್ಹೋದ್ನಾ?" ಎಂದು ಕೇಳಿದಳು.

"ಎಲ್ಲಿಗೂ ಓಡೋ ಸ್ಥಿತೀಲಿಲ್ಲ," ಎಂದಳು ಸಹಾಯಮೇರಿ. "ಹಿತ್ತಲಿಗೆ ಬಿಟ್ರೆ."

ಪೂಜೆ ಮುಗಿಯಿತು. ದೊಡ್ಡತ್ತೆ ಮನೆಗೆ ಬಂದು ಅಕ್ಕಿ ಗಂಜಿ ಕಾಯಿಸಿ, ಉಪ್ಪು ಹಾಕಿ, ಅಕ್ಕಿಯಲ್ಲಿ ಕಲ್ಲಿಲ್ಲವಷ್ಟೇ ಎಂದು ನನ್ನಿಂದ ಮೂರು ಸಲ ಹೇಳಿಸಿಕೊಂಡು, ಪಾತ್ರೆಗೆ ಬಟ್ಟೆ ಕಟ್ಟಿದರು. ಗಂಡಿನ ಮನೆಗೆ ತಾವೇ ತೆಗೆದುಕೊಂಡು ಹೊರಟರು. ಸಹಾಯಮೇರಿ ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ ಅತ್ತೆ."

"ನಾಳೆ ತಾಳಿ ಕಟ್ಟೋವರೆಗೂ ಗಂಡಿನ ಮನೆ ಹೊಸ್ತಿಲು ದಾಟೋ ಹಂಗಿಲ್ಲ. ಗೊತ್ತಿಲ್ವಾ ನಿಂಗೆ?" ಎಂದರು ದೊಡ್ಡತ್ತೆ. ಬೀದಿಗೆ ಇಳಿದು ನಾಲ್ಕು ಹೆಜ್ಜೆ ಹೋದರು. ನಿಂತರು. "ಈ ಪಾತ್ರೆ ಬಿಸಿ ಅದೆ, ನನ್ನ ಕೈಲಾಗಲ್ಲ. ಹೊಸ್ತಿಲವರೆಗೂ ಹಿಡ್ಕೊಂಡು ಬಾ."